ಕೂಲರ್ ನೀರು ಮತ್ತು ಮೊದಲ ಶೀಲ



ಬೇಸಿಗೆ ಬಂದರೆ ಬಳಗದಲ್ಲಿ ಇದೇ ಪ್ರಶ್ನೆ: "ಕೂಲರ್ ಟ್ಯಾಂಕಿನ್ಯಾಗ ಹುಳ ಆಗ್ಯಾವ್ರಿ, ಚೆಲ್ಲಿದ್ರ ಪಾಣಾತಿಪಾತ ಆಗೂದಿಲ್ಲೇನ್ರಿ?"

ಆಶಾ ಕಾರ್ಯಕರ್ತೆಯರು ಲಾರ್ವಾ ಎನ್ನುವುದು ಇದಕ್ಕೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ. ಮೊಟ್ಟೆ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ಕಟ್ಟುನಿಯಮವಾಗಿಸಲಿಲ್ಲ, ತತ್ವವಾಗಿ ವಿವರಿಸಿದರು. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ಹೇಳಿದರು. ಸೊಳ್ಳೆಯನ್ನು ಉಳಿಸಲು ಮಗುವನ್ನು ಜ್ವರಕ್ಕೆ ಒಡ್ಡುವುದು ಕರುಣೆಯಲ್ಲ.

ಆದರೆ ಆ ಅಗತ್ಯವನ್ನು ನಾವೇ ಹುಟ್ಟುಹಾಕಿದರೆ? ಹದಿನೈದು ದಿನ ನೀರು ನಿಲ್ಲಿಸಿ, ಆಮೇಲೆ ಸೀಮೆಎಣ್ಣೆ ಸುರಿಯುವುದನ್ನು ಅಗತ್ಯ ಎನ್ನಲು ನನಗೆ ಮನಸ್ಸಿಲ್ಲ. ಅದು ಪ್ರಮಾದ. ವಾರಕ್ಕೊಮ್ಮೆ ಚೆಲ್ಲಿದರೂ ಒಂದಿಷ್ಟು ಹುಳ ಸಾಯುತ್ತವೆ ನಿಜ, ಅಷ್ಟನ್ನು ಒಪ್ಪಿಕೊಳ್ಳಬೇಕು.

ಪ್ಲಗ್ ಕಿತ್ತು, ನೀರು ಪೂರ್ತಿ ಚೆಲ್ಲಿ, ಟ್ಯಾಂಕಿನ ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿ. ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ. ಬರೀ ಒಣಗಿಸಿದರೆ ತಿಂಗಳುಗಟ್ಟಲೆ ಬದುಕಿರುತ್ತದೆ. ಗಂಗಾವತಿಯ ಕಾಲುವೆ ಭಾಗದಲ್ಲಿ ಎಸಿ ಹಾಕಿಸಿದವರು ಫಿಲ್ಟರ್ ತೊಳೆಯಲು ಕಾಯಬೇಡಿ, ಹೊರಗಿನ ಪೈಪಿನ ಕೆಳಗಿಟ್ಟ ಬಕೆಟ್ಟನ್ನು ವಾರವಾರವೂ ಬರಿದು ಮಾಡಿ.