ಬಚ್ಚಲುಮನೆಯಲ್ಲೊಂದು ಜಲಾನಯನ ಪ್ರದೇಶ

ಮಕ್ಕಳೇ, ನಿಮ್ಮ ಬಚ್ಚಲುಮನೆಯ ನೆಲವನ್ನು ಗಮನಿಸಿದ್ದೀರಾ? ನೋಡಲು ಸಮತಟ್ಟು. ಆದರೆ ಎಲ್ಲಿ ನೀರು ಸುರಿದರೂ ಅದು ಮೂಲೆಯ ಜಾಲರಿಗೇ ಓಡುತ್ತದೆ. ಗಾರೆ ಕೆಲಸದವರು ನೆಲ ಹಾಕುವಾಗಲೇ ಆ ಕಡೆಗೆ ‘ವಾಟ’ ಕೊಟ್ಟಿರುತ್ತಾರೆ. ಎಷ್ಟು ಜಾಗದ ನೀರು ಆ ಜಾಲರಿಗೆ ಬಂದು ಸೇರುತ್ತದೆಯೋ ಅಷ್ಟೂ ಜಾಗ ಅದರ ಜಲಾನಯನ ಪ್ರದೇಶ. ನದಿಗೂ ಇದೇ ಮಾತು ಅನ್ವಯಿಸುತ್ತದೆ.

ಈಗ ತಾರಸಿಗೆ ಬನ್ನಿ. (ದೊಡ್ಡವರೊಬ್ಬರು ಜೊತೆಗಿರಲಿ, ಅಂಚಿಗೆ ಹೋಗಬೇಡಿ. ಶೀಟಿನ ಮನೆಯವರಿಗೆ ಶಾಲೆಯ ಅಂಗಳವೂ ಆದೀತು.) ಮಳೆನೀರು ಇಳಿಯಲು ಎರಡು ಪೈಪುಗಳಿವೆ ಎಂದುಕೊಳ್ಳಿ. ಚೊಂಬಿನಿಂದ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ನೀರು ಸುರಿಯಿರಿ. ಅದು ಹರಿದ ದಿಕ್ಕನ್ನು ಪಕ್ಕದ ಒಣ ಜಾಗದಲ್ಲಿ ಸೀಮೆಸುಣ್ಣದ ಬಾಣದಿಂದ ಗುರುತಿಸಿ. ಬಾಣಗಳು ಎರಡು ಕಡೆಗೆ ಅಗಲುವ ಜಾಗಗಳನ್ನು ಸೇರಿಸಿ ಗೆರೆ ಎಳೆಯಿರಿ. ಆ ಗೆರೆಯೇ ಜಲವಿಭಜಕ.

ಗೆರೆ ನಟ್ಟನಡುವೆಯೇ ಬರಬೇಕೆಂದಿಲ್ಲ. ನಾನು ನೋಡಿದ ಒಂದು ತಾರಸಿಯಲ್ಲಿ ಮುಕ್ಕಾಲು ಪಾಲು ನೀರು ಒಂದೇ ಪೈಪಿಗೆ ಹೋಗುತ್ತಿತ್ತು. ತಾರಸಿ 6 ಮೀಟರ್ ಅಗಲ, 9 ಮೀಟರ್ ಉದ್ದ ಇದ್ದರೆ ವಿಸ್ತೀರ್ಣ 54 ಚದರ ಮೀಟರ್. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 540 ಲೀಟರ್, ಅಂದರೆ 15 ಲೀಟರಿನ 36 ಬಕೆಟ್! ಅದರಲ್ಲಿ 27 ಬಕೆಟ್ ಒಂದೇ ಪೈಪಿಗೆ. ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಾಗಲೆಲ್ಲ ಆ ಮನೆಯ ಗೋಡೆ ಏಕೆ ನೆನೆಯುತ್ತಿತ್ತೆಂದು ಆಗ ಅರ್ಥವಾಯಿತು.

ಪೈಪಿನಿಂದ ಇಳಿದ ನೀರು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ ಹೋಗುತ್ತದೆ. ಅಲ್ಲಿಂದ? ಬೆಂಗಳೂರೂ ಒಂದು ದೊಡ್ಡ ತಾರಸಿಯಂತೆಯೇ, ಎತ್ತರದ ದಿಣ್ಣೆಯ ಮೇಲಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮಳೆನೀರು ವೃಷಭಾವತಿಯನ್ನು ಸೇರುತ್ತದೆ. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲದ ಕಡೆಗೆ ಸಾಗುತ್ತದೆ. ಮುಂದೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಇಂದಿರಾನಗರದ ಮಳೆನೀರಾದರೋ ಬೆಳ್ಳಂದೂರು ಕೆರೆಯ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಊರು ಒಂದೇ, ನದಿ ಎರಡು!

ಮೋರಿಗೆ ಬಿದ್ದ ಚಾಕೊಲೇಟ್ ಕಾಗದದ ದಾರಿಯೂ ಇದೇ. ವೃಷಭಾವತಿಯಲ್ಲಿ ಮಳೆನೀರಿನ ಜೊತೆ ನಗರದ ಕೊಳಚೆಯೂ ಕಾರ್ಖಾನೆಗಳ ಹೊಲಸೂ ಹರಿದಿವೆ. ಬೈರಮಂಗಲದ ಸುತ್ತಲಿನ ರೈತರು ಬಹುಕಾಲ ಆ ನೀರನ್ನೇ ಹೊಲಗಳಿಗೆ ಹಾಯಿಸಿದ್ದಾರೆ.

ಮುಂದಿನ ಮಳೆ ನಿಂತ ಮೇಲೆ ನಿಮ್ಮ ಬೀದಿಯನ್ನು ನೋಡಿ. ತೆರೆದ ಮೋರಿಯಿಂದ ದೂರವೇ ಇರಿ. ಬೀದಿಯ ದಿಣ್ಣೆ ಎಲ್ಲಿದೆ? ನಿಮ್ಮ ಮನೆ ಮುಂದಿನ ಮೋರಿಗೆ ಎಷ್ಟು ತಾರಸಿಗಳ ನೀರು ಬರುತ್ತದೆ? ಎಣಿಸಿ, ನಕ್ಷೆ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.