ರಾತ್ರಿಯ ಭಯವೂ ದೇವರ ಮರೆಯೂ

ಓದತಕ್ಕ ಭಾಗಗಳು: ಕೀರ್ತನೆ 91, ಮತ್ತಾಯ 4:1-11, ಲೂಕ 13:1-5, ಅಪೊಸ್ತಲರ ಕೃತ್ಯಗಳು 12:1-17.

2024ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದನಗಳಿಗೆ ಹುಲ್ಲು ತರಲು ಹೋದ ಸ್ತ್ರೀಯೊಬ್ಬಳು ಚಿರತೆಯ ಬಾಯಿಗೆ ಸಿಕ್ಕಿ ಪ್ರಾಣಬಿಟ್ಟಳು. ಶಿವಗಂಗೆಯ ಬಂಡೆಗಳಲ್ಲಿಯೂ ದೊಡ್ಡಬಳ್ಳಾಪುರದ ಮಾಕಳಿ ಬೆಟ್ಟದ ಕಡೆಯಲ್ಲಿಯೂ ಚಿರತೆಗಳಿರುವದು ನಮ್ಮವರಿಗೆ ಹೊಸ ಸಂಗತಿಯಲ್ಲ. ನಾಯಿ ಹೋಯಿತು, ಮೇಕೆ ಹೋಯಿತು ಎಂಬ ಮಾತನ್ನು ಕೇಳುತ್ತಲೇ ಬೆಳೆದಿದ್ದೇವೆ. ಆದರೆ ಮನುಷ್ಯರ ಪ್ರಾಣವೇ ಹೋದಾಗ ಭಯವು ಬೇರೆ ವಿಧವಾಗಿ ಮನೆಯೊಳಕ್ಕೆ ಬರುತ್ತದೆ. ಹೊತ್ತು ಮುಣುಗಿದ ಮೇಲೆ ಪ್ರಾರ್ಥನಾಕೂಟಕ್ಕೆ ಹೋಗುವದೋ ಬೇಡವೋ ಎಂದು ತಾಯಂದಿರು ಬಾಗಲಲ್ಲಿ ನಿಂತು ಯೋಚಿಸುತ್ತಾರೆ. ಇಂಥಾ ವೇಳೆಯಲ್ಲಿ ದೇವರ ಕಾಪಾಡುವಿಕೆಯನ್ನು ನಂಬುವದೆಂದರೆ ಏನು?

91ನೆಯ ಕೀರ್ತನೆಯು ಈ ಭಯಗಳನ್ನೆಲ್ಲಾ ಬಲ್ಲದು. ಬೇಡನ ಬಲೆ, ಇರುಳಿನ ಅಂಜಿಕೆ, ಕತ್ತಲೆಯಲ್ಲಿ ತಿರುಗುವ ರೋಗ, ಸಿಂಹ, ಸರ್ಪ, ಇವುಗಳನ್ನು ಹೆಸರು ಹಿಡಿದು ಹೇಳಿ, ಹಕ್ಕಿಯು ಮರಿಗಳನ್ನು ಹೇಗೋ ಹಾಗೆ ದೇವರು ತನ್ನವರನ್ನು ಮರೆಮಾಡುತ್ತಾನೆಂದು ತಿಳಿಸುತ್ತದೆ. ಆದದರಿಂದ ಕೆಲವರು ಇದನ್ನು ಕಾಗದದ ಮೇಲೆ ಬರೆಯಿಸಿ ಬಾಗಲ ಮೇಲೆ ಅಂಟಿಸುತ್ತಾರೆ. ಕೆಲವರು ಕೂಸಿನ ತಲೆದಿಂಬಿನ ಕೆಳಗೆ ಸತ್ಯವೇದವನ್ನಿಡುತ್ತಾರೆ. ಪ್ರೀತಿಯಿಂದ ಮಾಡಿದ್ದನ್ನು ನಾವು ಹಾಸ್ಯಮಾಡುವದಿಲ್ಲ. ಆದರೂ ಒಂದು ಮಾತು ಕೇಳಬೇಕು: ನಮ್ಮ ಹಿರಿಯರು ತೋಳಿಗೆ ಕಟ್ಟಿಕೊಳ್ಳುತ್ತಿದ್ದ ತಾಯಿತಕ್ಕೂ ಇದಕ್ಕೂ ಭೇದವೇನು? ತಾಯಿತವನ್ನು ಕಟ್ಟಿಕೊಂಡವನು ಅದರ ಸಂಗಡ ಮಾತಾಡುವದಿಲ್ಲ, ಅದಕ್ಕೆ ವಿಧೇಯನಾಗುವದೂ ಇಲ್ಲ, ಕಟ್ಟಿ ಮರೆತುಬಿಡುತ್ತಾನೆ. ಕೀರ್ತನೆಯಾದರೋ ದೇವರನ್ನು ಪ್ರೀತಿಸಿ ಆತನನ್ನು ಕೂಗುವವರಿಗೆ ಕೊಡಲ್ಪಟ್ಟದ್ದು.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಈ ಕೀರ್ತನೆಯು ಸೈತಾನನಿಗೂ ಬಾಯಿಪಾಠವಾಗಿತ್ತು. ಅವನು ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ಧುಮುಕು, ದೂತರು ಎತ್ತಿಕೊಳ್ಳುವರು ಎಂಬದಾಗಿ ಇದರೊಳಗಿನ ಮಾತನ್ನೇ ತೆಗೆದು ಹೇಳಿದನು. ಆದರೆ ಹೇಳುವಾಗ ಸ್ವಲ್ಪ ಬಿಟ್ಟುಬಿಟ್ಟನು. ನಾವು ನಡೆಯುವ ಮಾರ್ಗಗಳಲ್ಲೆಲ್ಲಾ ದೂತರು ಕಾಯುವರೆಂದು ಕೀರ್ತನೆಗಾರನು ಹೇಳಿದ್ದಾನೆ. ಆ ಮಾರ್ಗದ ಮಾತು ಸೈತಾನನಿಗೆ ಬೇಕಾಗಿರಲಿಲ್ಲ. ಯಾಕಂದರೆ ಶಿಖರದಿಂದ ಗಾಳಿಗೆ ಯಾವ ಮಾರ್ಗವೂ ಇಲ್ಲ! ಹೊಲಕ್ಕೆ ಹೋಗುವದು ಮಾರ್ಗ, ರೋಗಿಯ ಬಳಿಗೆ ಹೋಗುವದು ಮಾರ್ಗ. ನನಗೇನೂ ಆಗದೆಂದು ತೋರಿಸುವದಕ್ಕೋಸ್ಕರ ಕತ್ತಲೆಯಲ್ಲಿ ಒಬ್ಬನೇ ಪೊದೆಗಳ ಸಂದಿನಲ್ಲಿ ಹೋಗುವದು ದೇವರನ್ನು ಪರೀಕ್ಷಿಸುವದೇ ಸರಿ.

ಈ ಭೇದವು ನಮ್ಮ ಸೀಮೆಯಲ್ಲಿ ಹಿಂದೆಯೂ ಪರೀಕ್ಷೆಗೆ ಬಂದಿತ್ತು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂತು. ಬಹು ಜನರು ಸತ್ತರು, ಊರುಗಳು ಬರಿದಾದವು. ಇಲಿ ಬಿದ್ದಿತೆಂದರೆ ಸಾಕು, ಹಳ್ಳಿಯವರು ಮನೆಗಳಿಗೆ ಬೀಗಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸಿದರು. ಹೀಗೆ ಹೊರಟವರು ನಂಬಿಕೆಯಿಲ್ಲದವರೋ? ಇಲಿಗಳ ಮೈಮೇಲಿನ ಚಿಗಟದಿಂದ ರೋಗವು ಹರಡುತ್ತದೆಂದು ಸಿಮೋಂದ್ ಎಂಬ ಫ್ರೆಂಚ್ ವೈದ್ಯನು ಕಂಡುಕೊಂಡದ್ದು ಅದೇ 1898ರಲ್ಲಿ. ಕಾರಣವನ್ನರಿಯದಿದ್ದರೂ ಗುಡಿಸಲಿಗೆ ಹೋದವರು ಸರಿಯಾದದ್ದನ್ನೇ ಮಾಡಿದರು. ದೇವರ ಮರೆಯು ಅವರಿಗೆ ಸೋಗೆಯ ಮರೆಯಾಗಿ ಬಂದಿತೆಂದು ಹೇಳಿದರೆ ತಪ್ಪೇನು?

ಇದೇ ಪ್ರಶ್ನೆಯನ್ನು ಬ್ರೆಸ್ಲೌ ಪಟ್ಟಣದ ಸಭಾಪಾಲಕರು ಮಾರ್ಟಿನ್ ಲೂಥರನಿಗೆ ಬರೆದು ಕೇಳಿದ್ದರು. 1527ರಲ್ಲಿ ಅವನಿದ್ದ ವಿಟ್ಟೆನ್‌ಬರ್ಗಿಗೇ ಪ್ಲೇಗು ಬಂತು. ಊರು ಬಿಡಬೇಕೆಂದು ಪ್ರಭುವು ಹೇಳಿದರೂ ಅವನು ಬಿಡಲಿಲ್ಲ. ಹೆಂಡತಿ ಕ್ಯಾಥರೀನಳು ಗರ್ಭಿಣಿಯಾಗಿದ್ದರೂ ಅವರ ಮನೆಯೇ ಆಸ್ಪತ್ರೆಯಂತಾಯಿತು. ಆದರೂ ಆ ವರುಷ ಅವನು ಬರೆದ ಉತ್ತರದಲ್ಲಿ ಓಡಿಹೋದವರನ್ನೆಲ್ಲಾ ಖಂಡಿಸಲಿಲ್ಲ. ಔಷಧವನ್ನು ತೆಗೆದುಕೊಳ್ಳಬೇಕು, ಮನೆಗೆ ಹೊಗೆ ಹಾಕಬೇಕು, ಕೆಲಸವಿಲ್ಲದ ಕಡೆಗೆ ಹೋಗಬಾರದು. ಆದರೆ ನೆರೆಯವನಿಗೆ ತಾನು ಬೇಕಾಗಿದ್ದರೆ ಮಾತ್ರ ಬಿಟ್ಟು ಓಡಬಾರದು ಎಂಬದೇ ಅವನ ಅಭಿಪ್ರಾಯವು. ಸಭಾಪಾಲಕನು, ಅಧಿಕಾರಿಯು, ತಂದೆತಾಯಿಗಳು ತಮ್ಮ ಸ್ಥಳದಲ್ಲಿ ನಿಲ್ಲಬೇಕೆಂದನು.

ಹಾಗಾದರೆ ಜಾಗ್ರತೆಯಿಂದಿದ್ದವರೂ ಪ್ರಾರ್ಥಿಸಿದವರೂ ಸಾಯುವದು ಯಾಕೆ? ಇದನ್ನು ಮುಚ್ಚಿ ಮಾತಾಡುವದು ನ್ಯಾಯವಲ್ಲ. ಕೃತ್ಯಗಳ 12ನೆಯ ಅಧ್ಯಾಯದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಅದೇ ಹೆರೋದನ ಸೆರೆಯಿಂದ ದೂತನು ಪೇತ್ರನನ್ನು ಬಿಡಿಸಿದನು. ಯಾಕೋಬನ ನಂಬಿಕೆಯು ಕಡಿಮೆಯಾಗಿತ್ತೆಂದು ಅಲ್ಲಿ ಬರೆದಿಲ್ಲ. ಸಿಲೋವದ ಗೋಪುರವು ಬಿದ್ದು ಸತ್ತ 18 ಮಂದಿ ಮಿಕ್ಕವರಿಗಿಂತ ಪಾಪಿಗಳಲ್ಲವೆಂದು ಕರ್ತನೇ ಹೇಳಿದನು. ಹುಲ್ಲಿಗೆ ಹೋದ ಆ ತಾಯಿಯ ವಿಷಯವಾಗಿ, ಏನೋ ಪಾಪವಿದ್ದಿರಬೇಕು ಎಂದು ಕಟ್ಟೆಯ ಮೇಲೆ ಕೂತು ಆಡುವವರು ಈ ಮಾತಿಗೆ ಉತ್ತರಕೊಡಲಿ. ಇಕ್ಕಟ್ಟು ಬಾರದೆಂದು ಕೀರ್ತನೆಯೂ ಹೇಳುವದಿಲ್ಲ. ಇಕ್ಕಟ್ಟಿನೊಳಗೆ ತಾನೇ ಜೊತೆಗಿರುವೆನೆಂದು ದೇವರು ಅದರ ಕೊನೆಯಲ್ಲಿ ಹೇಳುತ್ತಾನೆ. ಸಾಯುವವರಿಗೂ ಆ ಮಾತು ಸುಳ್ಳಾಗುವದಿಲ್ಲ.

ಬಗ್ಗಿ ಹುಲ್ಲು ಕೊಯ್ಯುವವರನ್ನು ಚಿರತೆಯು ಸಣ್ಣ ಪ್ರಾಣಿಯೆಂದು ತಪ್ಪು ತಿಳಿಯಬಹುದು. ಆದದರಿಂದ ಒಬ್ಬರು ಕೊಯ್ಯುವಾಗ ಇನ್ನೊಬ್ಬರು ನಿಂತು ನೋಡುತ್ತಿರಲಿ. ನಸುಕಿನಲ್ಲಿಯೂ ಸಂಜೆಯಲ್ಲಿಯೂ ದೀಪ ಹಿಡಿದು, ಮಾತಾಡುತ್ತಾ, ಗುಂಪಾಗಿ ನಡೆಯಿರಿ. ಮೇಕೆ ಕರುಗಳನ್ನು ಭದ್ರವಾದ ಕೊಟ್ಟಿಗೆಯಲ್ಲಿ ಕಟ್ಟಿರಿ. ಚಿರತೆಯು ಕಂಡರೆ ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿರಿ. ಕೂಟಕ್ಕೆ ಹೊರಡುವ ಮೊದಲು ಮನೆಯಲ್ಲಿ ಕೀರ್ತನೆಯನ್ನು ಗಟ್ಟಿಯಾಗಿ ಓದಿ ಪ್ರಾರ್ಥಿಸಿರಿ. ಕೂಟದ ಹೊತ್ತನ್ನು ಒಂದು ಗಂಟೆ ಮುಂಚೆ ಇಟ್ಟುಕೊಂಡರೆ ದೇವರಿಗೆ ಬೇಸರವಾಗದು.

ಭಾನುವಾರದಲ್ಲಿ ಸಭೆಯವರು ಕೂಡಿ ವಿಚಾರಿಸತಕ್ಕದ್ದು: ನಮ್ಮ ಊರಲ್ಲಿ ಒಂಟಿಯಾಗಿ ಹುಲ್ಲಿಗೆ ಹೋಗುವ ವಿಧವೆಯರು, ಮುದುಕರು ಯಾರು ಯಾರು? ಅವರು ನಮ್ಮ ಸಭೆಗೆ ಸೇರಿದವರಾಗಿರಲಿ, ಸೇರದವರಾಗಿರಲಿ, ಈ ವಾರ ಅವರ ಜೊತೆಯಲ್ಲಿ ಹೋಗುವವರು ಯಾರು?