ಬೆಕ್ಕಿನ ಎಫ್‌ಐವಿ: ಎಚ್ಚೆತ್ತ ಕೋಶವೇ ವೈರಸ್‌ಗೆ ಬಾಗಿಲು

ಇಲ್ಲಿ ಅಮೆರಿಕದಲ್ಲಿ ಶೆಲ್ಟರ್‌ನಿಂದ ಬೆಕ್ಕು ತರೋಕೆ ಹೋದವರು 'ಎಫ್‌ಐವಿ ಪಾಸಿಟಿವ್' ಅನ್ನೋ ಚೀಟಿ ನೋಡಿರಬಹುದು. ಅದನ್ನ ಓದಿ ಹಿಂದೆ ಸರಿಯೋ ಮುಂಚೆ, ಆ ಬೆಕ್ಕಿನ ರಕ್ತದಲ್ಲಿ ಏನು ನಡೀತಿದೆ ಅಂತ ಇವತ್ತು ತಿಳಿಯೋಣ.

1986ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲುಮಾದಲ್ಲಿದ್ದ ಬೆಕ್ಕುಗಳಿಂದ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಾಮಾಮೋಟೊ ಈ ವೈರಸ್ಸನ್ನು ಬೇರ್ಪಡಿಸಿದರು. ಇದು ಎಚ್‌ಐವಿಯ ಸಂಬಂಧಿ. ಆದರೆ ಮನುಷ್ಯರಿಗೆ ಅಂಟುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಹೆಚ್ಚಾಗಿ ಹರಡೋದು ಜಗಳದಲ್ಲಿ ಆಗುವ ಆಳವಾದ ಕಡಿತದಿಂದ.

ರೋಗದ ವಿರುದ್ಧ ಹೋರಾಟವನ್ನು ಹೊಂದಿಸುವ ಬಿಳಿ ರಕ್ತಕಣಗಳಿಗೆ ಸಿಡಿ4 ಟಿ ಕೋಶ ಅಂತೀವಿ. ಎಚ್‌ಐವಿ ಒಳಗೆ ಹೋಗಲು ಹಿಡಿಯೋದು ಇವುಗಳ ಮೇಲಿನ ಸಿಡಿ4 ಅನ್ನೋ ಪ್ರೋಟೀನನ್ನೇ. ಎಫ್‌ಐವಿ ಹಿಡಿಯೋದು ಸಿಡಿ134 ಅನ್ನೋ ಬೇರೆ ಪ್ರೋಟೀನನ್ನು; ಇದು ಗೊತ್ತಾಗಿದ್ದು 2004ರಲ್ಲಿ. ಕೋಶ ಹೋರಾಟಕ್ಕೆ ಎಚ್ಚೆತ್ತಾಗ ಅದರ ಮೇಲೆ ಸಿಡಿ134 ಹೆಚ್ಚಾಗುತ್ತೆ. ಅಂದರೆ, ಯಾವ ಕೋಶ ಕಾವಲಿಗೆ ಎದ್ದು ನಿಂತಿತೋ, ಅದರ ಬಾಗಿಲೇ ವೈರಸ್‌ಗೆ ತೆರೆದಿರುತ್ತೆ!

ಹಾಗಂತ ದೇಹ ಸುಮ್ಮನಿರಲ್ಲ. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶಗಳು ಹೆಚ್ಚುತ್ತವೆ, ರಕ್ತದಲ್ಲಿ ವೈರಸ್ ಇಳಿಯುತ್ತೆ. ಆದರೆ ಪೂರ್ತಿ ಹೋಗಲ್ಲ. ಯಾಕೆ? ಒಂದು, ವೈರಸ್ ತನ್ನ ಪ್ರತಿಯನ್ನು ಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತೆ. ಅದು ಸದ್ದಿಲ್ಲದೆ ಕೂತರೆ ಸಿಡಿ8ಗೆ ಕಾಣೋದಿಲ್ಲ. ಎರಡು, ಹೋರಾಟ ಅತಿಯಾಗದಂತೆ ತಡೆಯುವ ನಿಯಂತ್ರಕ ಟಿ ಕೋಶಗಳನ್ನೂ ಈ ಸೋಂಕು ಕೆರಳಿಸುತ್ತೆ. ಅವು ಸಿಡಿ8 ಕೋಶಗಳನ್ನೇ ತಣ್ಣಗಾಗಿಸುತ್ತವೆ. ಹೀಗೆ ವರ್ಷಗಟ್ಟಲೆ ಎಳೆದಾಟ ನಡೆದು, ಸಿಡಿ4 ಸಂಖ್ಯೆ ನಿಧಾನಕ್ಕೆ ಕುಸಿಯುತ್ತೆ.

ಈಗ ಆ ಚೀಟಿಯ ವಿಷಯ. ಶೆಲ್ಟರ್‌ಗಳಲ್ಲಿ ಸಾಮಾನ್ಯವಾಗಿ ಮಾಡುವ ಟೆಸ್ಟ್ ಹುಡುಕೋದು ವೈರಸ್ಸನ್ನಲ್ಲ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು. ಸೋಂಕಿರುವ ತಾಯಿಯ ಹಾಲಿನಿಂದ ಮರಿಗೆ ಪ್ರತಿಕಾಯ ಬಂದಿದ್ದರೆ, ಮರಿಗೆ ಸೋಂಕೇ ಇಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ಅದಕ್ಕೇ ಆರು ತಿಂಗಳಾದ ಮೇಲೆ ಮತ್ತೆ ಟೆಸ್ಟ್ ಮಾಡಿಸಬೇಕು.

ನಿಜವಾಗಿ ಸೋಂಕಿದ್ದರೂ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಆರಾಮಾಗಿ ಬದುಕುತ್ತವೆ. ಮನೆಯೊಳಗೇ ಇಟ್ಟುಕೊಳ್ಳಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಒಸಡಿನ ತೊಂದರೆ ಕಂಡರೆ ಬೇಗ ಪಶುವೈದ್ಯರಿಗೆ ತೋರಿಸಿ. ಚೀಟಿಯಲ್ಲಿರೋದು ಒಂದು ಟೆಸ್ಟಿನ ಫಲಿತಾಂಶ ಅಷ್ಟೇ. ಬೆಕ್ಕಿನ ಆಯುಸ್ಸು ಅಲ್ಲಿ ಬರೆದಿರಲ್ಲ.